ಸಕ್ಕರಿ ಹೆಚ್ಚಾಗೇತಿ

ಅಕ್ಕೋರು ತೀರಿಕೊಂಡ ಸುದ್ದಿ ಬಂದ ದಿನ ನಾನು ಒಬ್ಬನೇ ಕೂತು ನಕ್ಕೆ. ಮನೆಯವಳು ಒಳಗಿನಿಂದ ಗಾಬರಿಯಾಗಿ ಬಂದು ಹಣೆ ಮುಟ್ಟಿ ನೋಡಿದಳು. ಏನು ಮಾಡಲಿ, ತಪ್ಪು ಅವರದೇ. ಅವರನ್ನು ನೆನೆದು ಅಳಬೇಕೆಂದು ಶುರು ಮಾಡಿದರೆ ಎರಡನೆಯ ನೆನಪಿಗೇ ನಗು ಬಂದುಬಿಡುತ್ತದೆ. ಮೊದಲನೆಯದಾದರೂ ದುಃಖದ್ದಿರಲಿ ಎಂದು ಹುಡುಕಿದೆ, ಅಂಥದ್ದು ಸಿಗಲಿಲ್ಲ.

ಹೆಸರು ಬರೆಯುವುದಿಲ್ಲ. ಅವರಿಗೇ ತಮ್ಮ ಹೆಸರಿನ ಮೇಲೆ ಸಿಟ್ಟಿತ್ತು. ಆಗಿನ ಡಿಬೇಸ್ ಎಂಬ ಪ್ರೋಗ್ರಾಮಿನಲ್ಲಿ ಒಂದು ಕಾಲಮ್ಮಿಗೆ ಹತ್ತು ಅಕ್ಷರಕ್ಕಿಂತ ಉದ್ದದ ಹೆಸರಿಡಲು ಬರುತ್ತಿರಲಿಲ್ಲ. “ನನ್ನ ಹೆಸರು ಇದ್ರಾಗ ಹಿಡಿಯೂದs ಇಲ್ರಿ ಸರ. ನಮ್ಮಜ್ಜಿ ಏನ ವಿಚಾರ ಮಾಡಿ ಇಟ್ಟಾಳೋ ಏನೋ” ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಹಾಗಾಗಿ ನಾವು ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟಿನ ಹುಡುಗರಿಗೂ, ಚಹಾದವನಿಗೂ, ವಯಸ್ಸಿನಲ್ಲಿ ಹಿರಿಯನಾದ ನನಗೂ ಅವರು ಅಕ್ಕೋರು.

ತೊಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯ ದುರ್ಗದಬೈಲಿನಿಂದ ಕೂಗಳತೆಯಲ್ಲಿದ್ದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕಲಿಸುತ್ತಿದ್ದೆ. ಧಾರವಾಡದಿಂದ ದಿನಾಲು ಬಸ್ಸಿನಲ್ಲಿ ಬರುವವನು. ನನ್ನ ಮಾತೂ ಶುದ್ಧ, ನನ್ನ ಟೈಪಿಂಗೂ ಶುದ್ಧ ಎಂಬ ಜಂಬ ಬೇರೆ. ಒಂದು ದಿನ ಮಾಲೀಕರು ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಟೈಪಿಂಗ್’ ಎಂಬುದರ ಮುಂದೆ ‘ಮತ್ತು ಕಂಪ್ಯೂಟರ್’ ಎಂದು ಬರೆಸಿದರು. ಮರುದಿನ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಲೂನಾ ಮೇಲೆ ಅಕ್ಕೋರು ಬಂದರು.

ಯಾವ ಊರಿನವರು ಎಂದು ಕೇಳಿದ್ದಕ್ಕೆ, “ಸುಳ್ಳದಾಕೀರಿ ಸರ. ಆದ್ರ ಖರೇ ಹೇಳ್ತೇನಿ” ಎಂದು ತಾವೇ ಮೊದಲು ನಕ್ಕರು. ಸುಳ್ಳ ಅವರ ತಂದೆಯ ಊರು, ಹುಬ್ಬಳ್ಳಿ ತಾಲೂಕಿನದೇ ಹಳ್ಳಿ. ಹುಟ್ಟಿದಾಗಿನಿಂದ ಇದೇ ಮಾತನ್ನು ಹೇಳುತ್ತ ಬಂದಿರಬೇಕು, ಆದರೂ ಪ್ರತಿಸಲ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು. ಅವರ ನಗು ಹೊಟ್ಟೆಯಿಂದ ಹೊರಟು ಹೆಗಲಿಗೆ ಬಂದು ಅಲ್ಲಿ ಸ್ವಲ್ಪ ಹೊತ್ತು ಕುಣಿದು ಆಮೇಲೆ ಬಾಯಿಗೆ ಬರುತ್ತಿತ್ತು. ಹೆಗಲು ಅಲುಗಿದ್ದು ಕಂಡರೆ ಎದುರಿಗಿದ್ದವರು ಕೈಯಲ್ಲಿನ ಚಹಾದ ಕಪ್ಪು ಕೆಳಗಿಡುತ್ತಿದ್ದರು. ಮದುವೆಯ ವಿಷಯ ಯಾರಾದರೂ ಎತ್ತಿದರೆ, “ಆ ಫೈಲ್ ಓಪನ್ ಆಗೂದಿಲ್ರಿ, ಕರಪ್ಟ್ ಆಗೇತಿ” ಎಂದು ಅದೇ ನಗು. ಕೀಬೋರ್ಡಿನ ಮಗ್ಗುಲಲ್ಲೇ ಗಿರ್ಮಿಟ್ ಪೊಟ್ಟಣ ಬಿಚ್ಚುತ್ತಿದ್ದರು. ಎಫ್ ಅಕ್ಷರದ ಗುಂಡಿ ಒತ್ತಿದರೆ ಒಳಗೆ ಚುರುಮುರಿ ಕರಕರ ಎನ್ನುತ್ತಿತ್ತು. ನಾನು ಮುಖ ಗಂಟು ಹಾಕಿದರೆ, “ಅದಕ್ಕೂ ಹಸಿವು ಆಗ್ತಿರತೈತ್ರಿ ಸರ” ಎನ್ನುವರು.

ಅವರ ತಂದೆಗೆ ಪೇಟೆಯಲ್ಲಿ ದೊಡ್ಡ ಕಿರಾಣಿ ಅಂಗಡಿ, ಹಿಂದುಗಡೆ ಗೋದಾಮು. ಎಲ್ಲರೂ ಅಪ್ಪಾರು ಎನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ಬಿಳಿ ಗಾದಿ. ಆ ಗಾದಿಯ ಮೇಲೆ ಮುಂಜಾನೆ ಕೂತರೆ ಸಂಜೆಗೇ ಏಳುವುದು. ಮಠದ ಸ್ವಾಮಿಗಳು ಬಂದರೆ ಎದ್ದು ನಿಲ್ಲುವರು, ಉಳಿದಂತೆ ಯಾರಿಗೂ ಸರಿದು ಜಾಗ ಕೊಟ್ಟದ್ದನ್ನು ಪೇಟೆ ಕಂಡಿರಲಿಲ್ಲ. ಅವರ ಮಂಡಿ ನೋವು ಜಾಸ್ತಿಯಾಗಿತ್ತು. ಗಂಡುಮಕ್ಕಳಿಲ್ಲ. ಬರುವ ದೀಪಾವಳಿಯ ಪಾಡ್ಯಕ್ಕೆ, ಹೊಸ ವಹಿ ಅಂದರೆ ಲೆಕ್ಕದ ಪುಸ್ತಕದ ಪೂಜೆಯ ದಿನ, ಗಾದಿಯ ಮೇಲೆ ತಮ್ಮ ಪಕ್ಕ ಒಬ್ಬರನ್ನು ಕೂಡಿಸಿಕೊಳ್ಳುತ್ತೇನೆಂದು ಅವರು ಹೇಳಿದ್ದರು. ಅದಕ್ಕಾಗಿ ತಮ್ಮನ ಮಗನನ್ನು ಬೆಂಗಳೂರಿನಿಂದ ಕರೆಸಿಕೊಂಡಿದ್ದರು.

“ನಾ ಸಣ್ಣಾಕಿದ್ದಾಗ ಆ ಅಂಗಡ್ಯಾಗ ಚೀಲದ ಮ್ಯಾಲೆ ಕುಂತೇನಿ, ಡಬ್ಬಿ ಮ್ಯಾಲೆ ಕುಂತೇನಿ, ತಕ್ಕಡ್ಯಾಗೂ ಕುಂತೇನಿ” ಎಂದು ಅಕ್ಕೋರು ಒಂದು ಮಧ್ಯಾಹ್ನ ಗಿರ್ಮಿಟ್ ತಿನ್ನುತ್ತ ಹೇಳಿದರು. “ಗಾದಿ ಮ್ಯಾಲೆ ಕುಂತಿಲ್ಲ. ನನಗ ಆ ಗಾದಿ ಬೇಕ್ರಿ ಸರ.” ಅವರ ಹೆಗಲು ಅಲುಗಲಿಲ್ಲ. ನಗದೆ ಅವರು ಒಂದು ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ಆವತ್ತು ಗಿರ್ಮಿಟ್ಟಿಗೆ ಕೈ ಹಾಕಿದೆ.

ಗಾದಿಗೆ ಅವರು ಹಾಕಿದ ದಾರಿ ಕಂಪ್ಯೂಟರಿನದು. ಅಂಗಡಿಯಲ್ಲಿ ಯಾವ ಸಾಮಾನು ಎಷ್ಟಿದೆ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಮೂರೇ ತರದ್ದು. ‘ಮಸ್ತ್ ಅದಾವು’, ‘ಒಂದಿಷ್ಟು ಅದಾವು’, ಇಲ್ಲವೆ ‘ಹೆಚ್ಚಾಗ್ಯಾವು’. ಈ ಮೂರನೆಯದರ ಅರ್ಥ ಮುಗಿದಿವೆ ಎಂದು. ನಮ್ಮ ಮನೆಗಳಲ್ಲಿ ಅಕ್ಕಿ, ಉಪ್ಪು, ಅರಿಷಿಣ ತೀರಿದರೆ ತೀರಿತು ಎನ್ನುವಂತಿಲ್ಲ. ಅಂದರೆ ಮನೆಯೊಳಗಿನ ಲಕ್ಷ್ಮಿಗೆ ಬೇಜಾರು. ಅದಕ್ಕೇ ‘ಹೆಚ್ಚಾಗೇತಿ’ ಅನ್ನುತ್ತೇವೆ, ಕೇಳಿದವರು ಸುಮ್ಮನೆ ಚೀಲ ಹಿಡಿದು ಪೇಟೆಗೆ ಹೋಗುತ್ತಾರೆ. ಇಂಥ ಅಂಗಡಿಗೆ ದಿನದಿನದ ಲೆಕ್ಕ ಹೇಳುವ ಪ್ರೋಗ್ರಾಂ ಬರೆದುಕೊಡುತ್ತೇನೆಂದು ಅಕ್ಕೋರು ತಂದೆಗೆ ಮಾತು ಕೊಟ್ಟರು.

ಅಪ್ಪಾರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. “ಖರೀದಿ ಹುಡುಗ ನೋಡ್ಲಿ. ನೀ ನಿನ್ನ ಪೆಟಗಿ ಲೆಕ್ಕಾ ನೋಡು. ಪಾಡ್ಯಾಕ್ಕ ಹೇಳ್ತೇನಿ” ಎಂದರು. ಪೆಟಗಿ ಎಂದರೆ ಕಂಪ್ಯೂಟರ್.

ಆ ಪ್ರೋಗ್ರಾಮನ್ನು ಅಕ್ಕೋರು ಮೊದಲು ಬರೆದದ್ದು ಇನ್‌ಸ್ಟಿಟ್ಯೂಟಿನ ಫರಸಿ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕಸ ಹೊಡೆಯುವ ಹೆಂಗಸನ್ನು ಹೊರಗೇ ನಿಲ್ಲಿಸಿ ಎರಡು ದೊಡ್ಡ ಚೌಕ ಎಳೆದರು. ಒಂದು ಚೌಕದಲ್ಲಿ ಸಾಮಾನಿನ ನಂಬರು, ಹೆಸರು, ಅಳತೆ ಕಿಲೋದ್ದೋ ಡಬ್ಬಿಯದೋ ಎಂಬುದು. ಇನ್ನೊಂದರಲ್ಲಿ ತಾರೀಖು, ಅದೇ ನಂಬರು, ಬಂದದ್ದು ಅಂದರೆ ಆವಕ, ಹೋದದ್ದು ಅಂದರೆ ಜಾವಕ. “ಹೆಸರು ಒಂದs ಕಡೆ ಬರೀಬೇಕ್ರಿ ಸರ. ಎರಡ ಕಡೆ ಬರದ್ರ ಒಂದು ಕಡೆ ಬೆಲ್ಲ ಆಗತೈತಿ, ಇನ್ನೊಂದು ಕಡೆ ಬೇಲ ಆಗತೈತಿ.”

“ಶಿಲ್ಕು ಎಲ್ಲಿ ಬರೀತೀರಿ?” ಎಂದು ಕೇಳಿದೆ. ದಿನದ ಕೊನೆಗೆ ಉಳಿದದ್ದಕ್ಕೆ ಪೇಟೆಯಲ್ಲಿ ಶಿಲ್ಕು ಎನ್ನುತ್ತಾರೆ. ಅದಕ್ಕೆ ನೆಲದ ಮೇಲೆ ಜಾಗವೇ ಇರಲಿಲ್ಲ.

“ಶಿಲ್ಕು ಬರಿಯಾಕ ಹೋಗಬಾರದ್ರಿ. ಹುಟ್ಟಸಬೇಕು. ನಿನ್ನಿ ಉಳದದ್ದಕ್ಕ ಇವತ್ತ ಬಂದದ್ದು ಕೂಡ್ಸು, ಹೋದದ್ದು ಕಳಿ, ಅದs ಹುಟ್ಟತೈತಿ. ಬರದಿಟ್ವಿ ಅಂದ್ರ ಯಾರರ ತಿದ್ದತಾರ.”

ಹುಡುಗರಿಗೆ ಇದು ತಲೆಗೆ ಹತ್ತಲಿಲ್ಲ. ಅಕ್ಕೋರು ಅವರನ್ನೆಲ್ಲ ಅಂಗಳಕ್ಕೆ ಕರೆದು ಸಾಲಾಗಿ ನಿಲ್ಲಿಸಿದರು. ನೀ ತೊಗರಿಬ್ಯಾಳಿ, ನೀ ಹೆಸರಕಾಳು, ನೀ ಬೆಲ್ಲ ಎಂದು ಹೆಸರಿಟ್ಟು ಒಬ್ಬೊಬ್ಬರ ಕೈಗೂ ಹುರಿದ ಶೇಂಗಾ ಕೊಟ್ಟರು. ಒಬ್ಬಳು ಆವಕ, ಕೊಡುತ್ತ ಹೋಗುವಳು. ಒಬ್ಬ ಜಾವಕ, ತೆಗೆಯುತ್ತ ಬರುವನು. ಎರಡು ಸುತ್ತಾದ ಮೇಲೆ ಅಕ್ಕೋರಿಗೆ ಏನೋ ಹೊಳೆಯಿತು. ನನ್ನ ಕಡೆ ತಿರುಗಿದರು. ಹೆಗಲು ಆಗಲೇ ಅಲುಗತೊಡಗಿತ್ತು.

“ಸರ, ಗೋದಾಮಿನ್ಯಾಗ ಇಲಿ ತಿಂತಾವಲ್ರಿ, ಅದ್ರ ಲೆಕ್ಕಾನs ಬಿಟ್ಟೇವಿ. ನೀವು ಇಲಿ ಆಗ್ರಿ.”

ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಪೆನ್ನು, ಧಾರವಾಡದ ಶುದ್ಧ ಮಾತು. ಇಷ್ಟೆಲ್ಲ ಇಟ್ಟುಕೊಂಡು ನಾನು ಇಲಿಯಾದೆ. ಗಂಭೀರವಾಗಿ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಕೈಯಿಂದ ಒಂದಿಷ್ಟು ಶೇಂಗಾ ಎತ್ತಿ ತಿಂದೆ. ಹುಡುಗಿಯರು ಕಿಸಕ್ಕೆಂದರು. ಬೆಲ್ಲವಾಗಿದ್ದವನು ನಕ್ಕು ನಕ್ಕು ತನ್ನ ಶಿಲ್ಕನ್ನೆಲ್ಲ ನೆಲಕ್ಕೆ ಚೆಲ್ಲಿದ. ಆ ದಿನದಿಂದ ಪ್ರೋಗ್ರಾಮಿನಲ್ಲಿ ಇಲಿ ಎಂಬ ಕಾಲಮ್ಮು ಸೇರಿತು, ನಾನು ನಿವೃತ್ತನಾಗುವವರೆಗೂ ಇಲಿ ಸರ ಆಗಿ ಉಳಿದೆ. ಸಿಟ್ಟು ಬಂದಿತ್ತು ಎಂದು ಹೇಳಲು ಆಸೆಯೇನೋ ಇದೆ. ಆದರೆ ಅಷ್ಟು ಖುಷಿಯಿಂದ ನಾನು ಶೇಂಗಾ ತಿಂದದ್ದು ಮುಂದೆ ಎಂದೂ ಇಲ್ಲ.

ಪ್ರೋಗ್ರಾಂ ನಡೆಯಿತು. ಅಂಗಡಿಯ ದಿವಾನಜಿ, ಅಂದರೆ ಅಲ್ಲಿ ಲೆಕ್ಕ ಬರೆಯುವ ಮುದುಕರು, ಸಂಜೆ ಆವಕ ಜಾವಕದ ಚೀಟಿ ಕಳಿಸುವರು. ಅಕ್ಕೋರು ಅದನ್ನು ಕಂಪ್ಯೂಟರಿಗೆ ಹಾಕುವರು. ಮುಂಜಾನೆ ಪ್ರಿಂಟರು ಕಿರ್ರೋ ಎಂದು ಅಂಗಡಿಗೆ ಶಿಲ್ಕಿನ ಪಟ್ಟಿ ಹೊಡೆಯುವುದು. ಕನ್ನಡ ಅಕ್ಷರ ಆ ಮಷಿನ್ನಿಗೆ ಬರುತ್ತಿರಲಿಲ್ಲ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಅಪ್ಪಾರಿಗಾಗಲಿ ದಿವಾನಜಿಗಾಗಲಿ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ಮೊದಲ ಪಟ್ಟಿಯನ್ನು ಅಕ್ಕೋರೇ ಒಯ್ದು ಗಾದಿಯ ಮುಂದೆ ನಿಂತು ಓದಿದರು. ಗೋದಿ ಇಷ್ಟು, ಅವಲಕ್ಕಿ ಇಷ್ಟು, ಅರಿಷಿಣ ಸೊನ್ನೆ.

ಅಪ್ಪಾರು ಕೈ ಎತ್ತಿ ನಿಲ್ಲಿಸಿದರು. “ಮುಂಜಮುಂಜಾನೆ ಅಂಗಡ್ಯಾಗ ನಿಂತು ಅರಿಷಿಣ ಸೊನ್ನಿ ಅಂತೀಯಲ್ಲವಾ. ನಿಮ್ಮವ್ವ ಹಂಗ ಕಲಿಸ್ಯಾಳೇನು?”

ಅಕ್ಕೋರು ಪಟ್ಟಿ ಮಡಚಿಕೊಂಡು ಬಂದರು. ಅವತ್ತೇ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದರು: ಶಿಲ್ಕು ಸೊನ್ನೆಯಾದರೆ ಅಂಕಿ ಹೊಡೆಯಬೇಡ, ‘ಹೆಚ್ಚಾಗೇತಿ’ ಎಂದು ಹೊಡೆ. ನನಗೆ ಇದು ಸರಿ ಬರಲಿಲ್ಲ. ಮಷಿನ್ನಿಗೆ ಸುಳ್ಳು ಹೇಳಲು ಕಲಿಸುತ್ತೀರಿ ಎಂದೆ. “ಸುಳ್ಳs ಯಾಕಾಗತೈತ್ರಿ ಸರ? ಅದಕ್ಕ ಮರ್ಯಾದಿ ಕಲಸಾಕತ್ತೇನಿ” ಎಂದರು. ಮುಂದಿನ ಪಟ್ಟಿಯಲ್ಲಿ ‘ಅರಿಷಿಣ ಹೆಚ್ಚಾಗೇತಿ’ ಎಂದು ಕೇಳಿ ಅಪ್ಪಾರು ಕಣ್ಣು ಮುಚ್ಚಿ ತಲೆದೂಗಿದರಂತೆ. ಅದನ್ನು ಹೇಳುವಾಗ ಅಕ್ಕೋರ ಮುಖ ನೋಡಬೇಕಿತ್ತು. ಗಾದಿಯ ಒಂದು ಮೂಲೆ ಸಿಕ್ಕೇಬಿಟ್ಟಿತು ಎಂಬಂತೆ ಲೂನಾದ ಹಾರ್ನನ್ನು ಸುಮ್ಮಸುಮ್ಮನೆ ಒತ್ತಿದರು.

ದೀಪಾವಳಿ ಹತ್ತಿರ ಬಂದಂತೆ ಖರೀದಿ ಜೋರಾಯಿತು. ಪಟ್ಟಿ ನೇರ ಖರೀದಿ ಮಾಡುವವನ ಕೈಗೇ ಹೋಗಲಿ ಎಂದು ಅಪ್ಪಾರು ಹೇಳಿದರು. ಖರೀದಿ ಮಾಡುವವನು ಬೆಂಗಳೂರಿನಿಂದ ಬಂದ ತಮ್ಮನ ಮಗ. ಒಳ್ಳೆಯ ಹುಡುಗ, ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಸಣ್ಣಂದಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವನು. ಹಾಸ್ಟೆಲ್ಲಿನಲ್ಲಿ ಸಾರು ಮುಗಿದರೆ ಮುಗಿಯಿತು ಎಂದೇ ಹೇಳುತ್ತಾರೆ, ಲಕ್ಷ್ಮಿಯ ಹಂಗು ಅಲ್ಲಿಲ್ಲ. ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿದ್ದುದರಿಂದ ಅವನೊಬ್ಬನೇ ಓದುತ್ತಿದ್ದ, ಓದಿ ಜೇಬಿನಲ್ಲಿಡುತ್ತಿದ್ದ.

ಹಬ್ಬದ ವಾರ ಒಂದು ಮುಂಜಾನೆ ದಿವಾನಜಿಯಿಂದ ಇನ್‌ಸ್ಟಿಟ್ಯೂಟಿಗೆ ಫೋನು. ಅಕ್ಕೋರು ನನ್ನನ್ನೂ ಲೂನಾದ ಹಿಂದೆ ಹತ್ತಿಸಿಕೊಂಡರು. ಆ ಸವಾರಿಯ ವರ್ಣನೆ ಬೇಡ. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ನಮಸ್ಕಾರ ಮಾಡಿದರು, ನಾನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದೆ.

ಅಂಗಡಿಯ ಮುಂದೆ ಓಣಿ ತುಂಬ ಹೆಣ್ಣುಮಕ್ಕಳು, ಎಲ್ಲರ ಕೈಯಲ್ಲೂ ಚೀಲ. ಬಾಗಿಲಿಗೆ ರಟ್ಟಿನ ಬೋರ್ಡು ತೂಗುತ್ತಿತ್ತು. ‘ದೀಪಾವಳಿ ವಿಶೇಷ. ಸಕ್ಕರೆ ಅತಿ ಕಡಿಮೆ ದರದಲ್ಲಿ. ಎಷ್ಟು ಬೇಕಾದರೂ ಕೊಂಡೊಯ್ಯಿರಿ.’ ಒಳಗೆ ನೋಡಿದರೆ ಒಂದು ಕಾಳು ಸಕ್ಕರೆ ಇಲ್ಲ. ಹಬ್ಬಕ್ಕೆಂದು ಸಕ್ಕರೆ ಕಳಿಸಬೇಕಿದ್ದವರಿಗೆ ಹುಡುಗ ಬೇಡವೆಂದು ತಿಳಿಸಿದ್ದ. ಮುಂಜಾನೆ ಬೋರ್ಡು ಕಟ್ಟಿ ಗೋದಾಮಿನ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟಿದ್ದ.

“ಯಾರು ಹೇಳಿದ್ರು ನಿನಗ, ಸಕ್ಕರಿ ಬ್ಯಾಡ ಅಂತ?” ಗಾದಿಯ ಮೇಲಿಂದ ಅಪ್ಪಾರು ಗುಡುಗಿದರು.

“ಕಂಪ್ಯೂಟರ್ ಹೇಳ್ತು ದೊಡ್ಡಪ್ಪ.”

ಅಕ್ಕೋರ ಮುಖ ಬಿಳಿಚಿತು. ಪೆಟ್ಟಿಗೆ ತಪ್ಪು ಹೇಳಿದ್ದರೆ ಗಾದಿಯ ಮಾತು ಅಲ್ಲಿಗೆ ಮುಗಿದಂತೆ.

“ಓದು. ಎಲ್ಲಾರೂ ಕೇಳೂಹಂಗ ಓದು” ಎಂದರು ಅಪ್ಪಾರು.

ಹುಡುಗ ಜೇಬಿನಿಂದ ಬಾಚಣಿಗೆಯ ಜೊತೆಗೇ ಪಟ್ಟಿ ತೆಗೆದು ಅಕ್ಷರ ಕೂಡಿಸಿಕೊಂಡು ಓದಿದ. “ಸಕ್ಕರಿ... ಹೆಚ್ಚಾಗೇತಿ.”

“ಮತ್ತ?”

“ಹೆಚ್ಚಾಗಿದೆ ಅಂದ್ರೆ ಜಾಸ್ತಿ ಇದೆ ಅಂತ ಅಲ್ವಾ ದೊಡ್ಡಪ್ಪ? ಅದಕ್ಕೇ ಬೇಗ ಖರ್ಚಾಗ್ಲಿ ಅಂತ ರೇಟ್ ಇಳಿಸ್ದೆ.”

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು, “ಯಪ್ಪಾ, ನಿಮ್ಮವ್ವ ಮನ್ಯಾಗ ಉಪ್ಪು ಹೆಚ್ಚಾಗೇತಿ ಅಂದ್ರ ಏನ ಮಾಡ್ತಿದ್ದಿ? ಓಣಿಗೆಲ್ಲಾ ಹಂಚಿ ಬರ್ತಿದ್ದ್ಯೇನು?” ಎಂದಳು. ಅಷ್ಟೇ ಸಾಕಾಯಿತು. ನಗು ಬಾಗಿಲಿನಿಂದ ಓಣಿಯ ತುದಿಯವರೆಗೂ ಹೋಯಿತು. ಹಿಂದಿದ್ದವರು ಏನಾಯಿತೆಂದು ಕೇಳಿ, ತಿಳಿದುಕೊಂಡು, ಮತ್ತೆ ಮೊದಲಿನಿಂದ ನಕ್ಕರು. ದಿವಾನಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕೋರಂತೂ ಬೆಲ್ಲದ ಪೆಂಟಿಯ ಮೇಲೆ ಕುಸಿದು ಕೂತು ಉಸಿರು ಸಿಗದೆ ಕೈಯಾಡಿಸುತ್ತಿದ್ದರು.

ನಗದಿದ್ದವರು ಇಬ್ಬರೇ, ಅಪ್ಪಾರು ಮತ್ತು ಆ ಹುಡುಗ. ಹುಡುಗನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಕಂಡದ್ದೇ ಅಕ್ಕೋರು ನಗು ನುಂಗಿ ಎದ್ದು ನಿಂತರು.

“ಅವಂದೇನೂ ತಪ್ಪಿಲ್ರಿ ಅಪ್ಪಾರ. ಓದಾಂವ ಯಾರು ಅಂತ ವಿಚಾರ ಮಾಡದs ನಾ ಆ ಶಬ್ದ ಹಾಕಿದ್ನಿ. ಲೆಕ್ಕಾ ಬರ್ಯಾಕಿ ಅದನ್ನ ನೋಡಬೇಕಿತ್ತು. ತಪ್ಪು ನಂದು.”

ನಾನು ಅವರ ಸೆರಗು ಜಗ್ಗಿ ಸುಮ್ಮನಿರಿಸಬೇಕೆಂದುಕೊಂಡೆ. ಇಷ್ಟು ದಿನ ಒದ್ದಾಡಿದ್ದು ಯಾತಕ್ಕೆ, ಈಗ ತಾವಾಗಿಯೇ ಬಾಯಿಬಿಟ್ಟು ಗಾದಿಯನ್ನು ಹುಡುಗನಿಗೆ ದಾನ ಮಾಡುವುದೆಂದರೆ ಏನು? ಅಪ್ಪಾರು ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು. ದಿವಾನಜಿಯ ಕಡೆ ತಿರುಗಿ, “ಆಜೂಬಾಜೂ ಅಂಗಡ್ಯಾಗಿಂದ ಸಕ್ಕರಿ ಕೈಗಡ ತರಸ್ರಿ. ಬೋರ್ಡಿನ ಮ್ಯಾಲೆ ಏನ ಬರದೈತಿ ಅದs ದರಕ್ಕ ಕೊಡ್ರಿ” ಎಂದರು. ಕೈಗಾಡಿಗಳು ಬರುವವರೆಗೆ ಅಕ್ಕೋರು ಬಂದವರನ್ನೆಲ್ಲ ಚೀಲಗಳ ಮೇಲೆ ಕೂಡಿಸಿ ಚಹಾ ಕುಡಿಸಿದರು. ಅಜ್ಜಿಗೆ ಎರಡು ಕಪ್ಪು.

ಪಾಡ್ಯದ ದಿನ ಪೂಜೆಗೆ ನನಗೂ ಕರೆ ಬಂದಿತ್ತು. ಅಂಗಡಿಗೆ ಸುಣ್ಣ ಬಳಿದು ಚೆಂಡುಹೂವಿನ ಮಾಲೆ ಕಟ್ಟಿದ್ದರು. ಗಾದಿಗೆ ಹೊಸ ಬಿಳಿ ಹೊದಿಕೆ. ಅದರ ಮೇಲೆ ಅಪ್ಪಾರು, ಮುಂದೆ ಹೊಸ ವಹಿ. ಹುಡುಗ ಹೊಸ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಲಕ್ಕೆ ನಿಂತಿದ್ದ. ಅಕ್ಕೋರು ವರ್ಷವೂ ನಿಲ್ಲುವ ಜಾಗದಲ್ಲಿ, ಹೊಸ್ತಿಲ ಹತ್ತಿರ ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಂದವರಿಗೆಲ್ಲ ಬರ್ರಿ ಬರ್ರಿ ಎನ್ನುತ್ತಿದ್ದರು, ಆದರೆ ಗಾದಿಯ ಕಡೆ ನೋಡುತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ಅಪ್ಪಾರು ಎರಡೂ ಕೈ ಊರಿ, ಮಂಡಿ ನೋವಿಗೆ ಮುಖ ಕಿವುಚಿ, ಗಾದಿಯ ಮೇಲೆ ಎಡಕ್ಕೆ ಸರಿದರು. ಪೇಟೆಯ ಜನ ಮಾತು ನಿಲ್ಲಿಸಿ ನೋಡಿದರು. ಹುಡುಗ ಚಪ್ಪಲಿ ಬಿಡಲು ಬಗ್ಗಿದ.

“ನೀ ತಡೀಪಾ ತಮ್ಮಾ. ನೀ ಒಂದಿಷ್ಟು ದಿನ ನಿಮ್ಮಕ್ಕನ ಕೈಯಾಗ ಕೆಲಸಾ ಕಲಿ” ಎಂದರು ಅಪ್ಪಾರು. ಆಮೇಲೆ ಹೊಸ್ತಿಲ ಕಡೆ ನೋಡಿ, “ಬಾರವಾ. ಆ ತಾಟು ಯಾರ ಕೈಯಾಗರ ಕೊಟ್ಟು ಬಾ” ಎಂದರು.

ಆರತಿ ತಟ್ಟೆ ನನ್ನ ಕೈಗೆ ಬಂತು. ಅಕ್ಕೋರು ನೆರಿಗೆ ಸರಿಪಡಿಸಿಕೊಂಡು ಹೋಗಿ ತಂದೆಯ ಪಕ್ಕ ಕೂತರು. ಬೆನ್ನು ನೇರ, ಕೈ ತೊಡೆಯ ಮೇಲೆ, ಮುಖ ಗಂಭೀರ. ತಟ್ಟೆ ಹಿಡಿದು ಅವರ ಹಿಂದೆಯೇ ಹೋಗಿ ಗಾದಿಯ ಮಗ್ಗುಲಲ್ಲೇ ನಿಂತಿದ್ದರಿಂದ ಮುಂದಿನ ಮಾತು ನನಗೊಬ್ಬನಿಗೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಕ್ಕೋರ ಹುಬ್ಬು ಮೇಲೇರಿತು. ಒಂದು ಸಲ ಆಚೆ ಸರಿದರು, ಒಂದು ಸಲ ಈಚೆ ಸರಿದರು, ಆಮೇಲೆ ತುಟಿ ಅಲುಗಿಸದೆ ತಂದೆಯ ಕಡೆ ವಾಲಿದರು.

“ಅಪ್ಪಾರ, ಇದ್ರಾಗ ತಗಣಿ ಅದಾವಲ್ರಿ, ಕಡ್ಯಾಕತ್ತಾವು.”

ಅಪ್ಪಾರು ಎದುರಿಗೆ ಬಂದವರಿಗೆ ಕೈ ಮುಗಿಯುತ್ತಲೇ ಇದ್ದರು.

“ನಮ್ಮಪ್ಪನ ಕಾಲದಿಂದ ಅದಾವು. ಸುಮ್ನ ಕುಂಡ್ರು. ನಿಂತಾವ್ರಿಗೆ ಗೊತ್ತಾಗಬಾರದು.”